ಖಿಜಾಬಿನ ಚೀಟಿ ಎಲ್ಲಿ ಹೋಯಿತು?

ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ ಶುರುವಾಗುವ ಸೋಮವಾರ. ಬಮ್ಮಿಗಟ್ಟಿಯಲ್ಲಿ ಬಸ್ಸಿಗಾಗಿ ಕಾಯುತ್ತ ನಾವು ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ನಿಂತಿದ್ದೆವು. ದಿನಾ ಅದೇ ಬಸ್ಸಿಗೆ ಬರುವ, ಕಲಘಟಗಿಗೆ ಕಾಯಿಪಲ್ಲೆ ಒಯ್ಯುವ ಹೆಣ್ಣುಮಗಳು ಮಗ್ಗುಲಿಗೆ ಬಂದು ಕೇಳಿದಳು: "ಯಾಕ್ರೀ ಅಕ್ಕಾರ, ತಲಿ ನೋಯಾಕತ್ತೈತೇನ್ರಿ?"

ತಲೆ ನೋಯುತ್ತಿರಲಿಲ್ಲ. ತಲೆ ಕೆಂಪಾಗಿತ್ತು. ಕೆಂಪು ಎಂದರೂ ಪೂರ್ತಿ ನಿಜ ಹೇಳಿದಂತಲ್ಲ. ಬೈತಲೆಯ ಎರಡೂ ಮಗ್ಗುಲಿಗೆ ಎರಡು ಬೆರಳಿನಗಲ ಹೊಸ ಹೆಂಚಿನ ಬಣ್ಣ. ಅದರ ಕೆಳಗೆ ಹಳೆಯ ಮೆಹಂದಿಯ ಮೇಲೆ ಕುಳಿತ ಕರಿಗೆಂಪು. ತುದಿಯಲ್ಲಿ ಒಣಗಿದ ಜೋಳದ ಕಣಿಕೆಯ ಬಣ್ಣ. ಒಂದೇ ತಲೆಯಲ್ಲಿ ಮೂರು ಹೆಂಗಸರು ಕುಳಿತಂತೆ. ಆ ತಲೆ ಹೊತ್ತು ಅಂದಿನಿಂದ ಶನಿವಾರದವರೆಗೆ ಆರು ದಿನ, ದಿನಕ್ಕೆ ಐದಾರು ಪೀರಿಯಡ್ಡು, ಮಧ್ಯೆ ಪರೀಕ್ಷೆಯ ಕೋಣೆಯ ಮೇಲ್ವಿಚಾರಣೆ, ಸಂಜೆ ವಿಶೇಷ ತರಗತಿ, ಶುಕ್ರವಾರ ಪೋಷಕರ ಸಭೆ.

ನಮ್ಮ ಕಡೆ ಒಬ್ಬರೇ ಇದ್ದರೂ "ನಾವು" ಎನ್ನುವುದು ರೂಢಿ. ಆದರೆ ಇಲ್ಲಿ ನಾವು ಎಂದರೆ ಒಬ್ಬರೇ ಅಲ್ಲ. ನಲವತ್ತು ದಾಟಿದ, ಕಪ್ಪು ಹಲಗೆಯ ಮುಂದೆ ನಿಂತು ಸಂಬಳ ಎಣಿಸುವ, ತಲೆಯಲ್ಲಿ ಬಿಳಿ ಕಂಡ ದಿನ ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತ ಎಲ್ಲ ಹೆಂಗಸರೂ ಇದರೊಳಗೆ ಇದ್ದಾರೆ. ಅವರ ಪರವಾಗಿ ಮಾತಾಡಲು ಯಾರೂ ನಮಗೆ ಅಧಿಕಾರ ಕೊಟ್ಟಿಲ್ಲ. ಆದರೂ ಮಾತಾಡುತ್ತೇವೆ.

ಆದದ್ದು ಇಷ್ಟು. ಮುಂದಿನ ಭಾನುವಾರ ತಂಗಿಯ ಮಗನ ನಿಕಾಹ್. ಅದಕ್ಕೆ ಎಂಟು ದಿನ ಮೊದಲೇ ಹುಬ್ಬಳ್ಳಿಗೆ ಹೋದೆವು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಉಳಿದ ಚಾರ್ಜು ಪಾರ್ಲರಿಗೆ ಎಂದು ಲೆಕ್ಕ ಹಾಕಿದ ನಮ್ಮ ಜಾಣತನಕ್ಕೆ ಈಗ ನಗು ಬರುತ್ತದೆ. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಗೋಡೆಯ ತುಂಬ ಬಿಳಿ ಕೂದಲೇ ಇಲ್ಲದ ಹೆಂಗಸರ ಚಿತ್ರಗಳು. ಕುರ್ಚಿಯಲ್ಲಿ ಕೂಡಿಸಿದ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: "ಬರ್ಗಂಡಿ ಮಾಡೋಣೇನ್ರಿ ಮೇಡಂ, ಚಾಕೊಲೇಟ್ ಮಾಡೋಣೇನ್ರಿ?" ಈ ತಲೆಗೆ ಮೊದಲು ಏನು ಹಚ್ಚಿದ್ದೀರಿ ಎಂದು ಕೇಳಲಿಲ್ಲ. ಹತ್ತು ವರ್ಷದಿಂದ ಮೆಹಂದಿ ಎಂದು ನಾವೂ ಹೇಳಲಿಲ್ಲ. ಅದು ಹೇಳಬೇಕಾದ ಸಂಗತಿ ಎಂದು ನಮಗೆ ಯಾರು ಕಲಿಸಿದ್ದರು?

ಕಲಘಟಗಿಯ ತೊಟ್ಟಿಲು ನಾಡಿಗೇ ಹೆಸರಾದದ್ದು. ಅದಕ್ಕೆ ಅರಗಿನ ಬಣ್ಣ ಕೂಡಿಸುವ ಚಿತ್ರಗಾರರು ಮರ ಯಾವುದು, ಹಸಿ ಇದೆಯೋ ಒಣಗಿದೆಯೋ ನೋಡದೆ ಕೈ ಹಚ್ಚುವುದಿಲ್ಲ. ಮಲಗುವ ಕೂಸು ಬಣ್ಣವನ್ನು ನೆಕ್ಕುತ್ತದೆ ಎಂಬುದು ಅವರಿಗೆ ಗೊತ್ತು. ತಲೆ ಮರಕ್ಕಿಂತ ಕಡಿಮೆಯದಾಯಿತೆ?

ನಮ್ಮ ತಲೆಯಲ್ಲಿ ಏನು ನಡೆಯಿತು ಎಂಬುದನ್ನು ವಿಜ್ಞಾನ ಕಲಿಸುವ ಗೆಳತಿ ಮಧ್ಯಾಹ್ನದ ಬುತ್ತಿ ಬಿಚ್ಚುತ್ತ ಐದು ನಿಮಿಷದಲ್ಲಿ ತಿಳಿಸಿದರು. ಪಾರ್ಲರಿನ ಬಣ್ಣ ಕೂದಲಿನ ಮೇಲೆ ಕೂರುವ ಬಣ್ಣವಲ್ಲ, ಒಳಗೆ ಹುಟ್ಟುವ ಬಣ್ಣ. ಅಮೋನಿಯಾ ಕೂದಲಿನ ಹೊರಪದರವನ್ನು ಸಡಿಲ ಮಾಡುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಒಳಗಿರುವ ಸಹಜ ಬಣ್ಣವನ್ನು ತಿಂದು ತಿಳಿಯಾಗಿಸುತ್ತದೆ; ಕಪ್ಪು ಕೂದಲು ತಿಳಿಯಾಗುವಾಗ ಮೊದಲು ಕೆಂಪಿಗೆ, ಆಮೇಲೆ ಕಿತ್ತಳೆಗೆ, ಕೊನೆಗೆ ಹಳದಿಗೆ ಬರುತ್ತದೆ. ಅದೇ ಪೆರಾಕ್ಸೈಡ್ ಬಣ್ಣದ ಸಣ್ಣ ಕಣಗಳನ್ನು ಒಂದಕ್ಕೊಂದು ಕೂಡಿಸಿ ದಪ್ಪ ಮಾಡಿ ಹೊರಬರದಂತೆ ಒಳಗೇ ಸಿಕ್ಕಿಸುತ್ತದೆ. ಬಿಳಿ ಕೂದಲಿನಲ್ಲಿ ತಿನ್ನಲು ಬಣ್ಣವೇ ಇಲ್ಲ, ಜೊತೆಗೆ ಬುಡದಲ್ಲಿ ತಲೆಯ ಕಾವು. ಅಲ್ಲಿ ಹೊಸ ಬಣ್ಣ ಉರಿದೆದ್ದಿತು. ಉದ್ದಕ್ಕೆ ಮೆಹಂದಿ. ಅದರ ಎಲೆಯಲ್ಲಿರುವ ಲಾಸೋನ್ ಕೂದಲಿನ ಕೆರಾಟಿನ್ನಿಗೆ ಕಚ್ಚಿಕೊಂಡರೆ ತೊಳೆದು ಹೋಗುವಂಥದ್ದಲ್ಲ. ಅದರ ಮೇಲೆ ಯಾವ ಬಣ್ಣ ಬಿದ್ದರೂ ಎರಡೂ ಬೆರೆತು ಮೂರನೆಯದು ಆಗುತ್ತದೆ. ಇಷ್ಟೆಲ್ಲ ತಿಳಿಯಲು ಕಾಲೇಜಿನ ರಸಾಯನಶಾಸ್ತ್ರ ಬೇಕಿಲ್ಲ, ಒಂದು ಪ್ರಶ್ನೆ ಸಾಕಿತ್ತು. ಆ ಪ್ರಶ್ನೆ ಕೇಳುವ ವೇಳೆ ಸಾವಿರದ ಎಂಟುನೂರು ರೂಪಾಯಿಯ ಲೆಕ್ಕದಲ್ಲಿ ಇರಲಿಲ್ಲ.

ಮನೆಗೆ ಬಂದಾಗ ಅಮ್ಮಾ ಬಾಗಿಲಲ್ಲೇ ಕೈ ಬಾಯಿಗೆ ಒಯ್ದರು. "ಕ್ಯಾ ಕರ್ ಲೀ ಗೆ ಬಾಲಾಂ ಕು?" ಅಮ್ಮಾನ ತಲೆ ಪೂರ್ತಿ ಕಿತ್ತಳೆ. ಮೆಹಂದಿಯನ್ನು ಚಹದ ಡಿಕಾಕ್ಷನ್ನಿನಲ್ಲಿ ಕಲಸಿ ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ನೆನೆಸಿ ಹಚ್ಚುತ್ತಾರೆ. ಆ ಕಿತ್ತಳೆ ಯಾರನ್ನೂ ಮೋಸಗೊಳಿಸುವ ಬಣ್ಣವಲ್ಲ. ನಾನು ಮುದುಕಿ, ಆದರೂ ಹಚ್ಚಿಕೊಂಡಿದ್ದೇನೆ ಎಂದು ಹೇಳುವ ಬಣ್ಣ. ನಮಗೆ ಬೇಕಾದದ್ದು ಮೋಸದ ಬಣ್ಣ. ಒಪ್ಪಿಕೊಳ್ಳುತ್ತೇವೆ.

ಏಕೆ ಬೇಕಾಯಿತು? ಇಲ್ಲಿಂದ ಜಗಳ ಶುರು.

ಸೋಮವಾರ ಸ್ಟಾಫ್ ರೂಮಿನಲ್ಲಿ ಹಿರಿಯ ಮಾಸ್ತರರೊಬ್ಬರು ಚಹದ ಕಪ್ಪು ಕೆಳಗಿಟ್ಟು ಹೇಳಿದರು: "ಪರೀಕ್ಷಾ ಟೈಮಿನ್ಯಾಗ ಫ್ಯಾಶನ್ ಜೋರ್ ಆತಲ್ರೀ ಅಕ್ಕಾರ." ಎಲ್ಲರೂ ನಕ್ಕರು, ನಾವೂ ನಕ್ಕೆವು. ಅವರ ಮೀಸೆ ಪ್ರತಿ ಸೋಮವಾರ ಇದ್ದಿಲಿನಂತೆ ಕಪ್ಪಗಿರುತ್ತದೆ, ಗುರುವಾರದ ಹೊತ್ತಿಗೆ ಅಡಿಯಲ್ಲಿ ಬೂದಿ ಕಾಣುತ್ತದೆ. ಹದಿನೈದು ವರ್ಷದಲ್ಲಿ ಆ ಮೀಸೆಯ ಬಗ್ಗೆ ಒಬ್ಬರೂ ಒಂದು ಮಾತು ಆಡಿದ್ದು ನಮಗೆ ನೆನಪಿಲ್ಲ. ಗಂಡಸು ನರೆತರೆ ಅನುಭವ, ಬಣ್ಣ ಹಚ್ಚಿದರೆ ಶಿಸ್ತು. ಹೆಂಗಸು ನರೆತರೆ "ಯಾಕ್ರೀ ಅಕ್ಕಾರ, ಆರಾಮಿಲ್ಲೇನು?" ಹಚ್ಚಿದರೆ ಫ್ಯಾಶನ್ನು. ನಲವತ್ತರ ಮೊದಲೇ ನರೆತ ನಮ್ಮ ತಲೆಯನ್ನು ನೋಡಿ ಒಬ್ಬ ಪೋಷಕರು ಈ ವರ್ಷದ ಆರಂಭದಲ್ಲಿ, "ರಿಟೈರ್ಡ್ ಆಗೋರ್ನ ಹತ್ತನೇತ್ತಕ್ಕ ಯಾಕ ಹಾಕ್ತೀರಿ?" ಎಂದು ಕೇಳಿದ್ದರು. ನಮಗೆ ಇನ್ನೂ ಹದಿಮೂರು ವರ್ಷದ ಸೇವೆ ಬಾಕಿ ಇದೆ. ಆ ಮಾತು ಕಿವಿಯಲ್ಲಿ ಉಳಿದು ನಮ್ಮನ್ನು ಹುಬ್ಬಳ್ಳಿಯ ಕುರ್ಚಿಯವರೆಗೆ ಎಳೆದೊಯ್ದಿತು. ಖಾಯಂ ನೌಕರಿ ಇರುವ ನಮ್ಮ ಗತಿ ಇದಾದರೆ, ವರ್ಷವರ್ಷವೂ ಮತ್ತೆ ಆಯ್ಕೆಯಾಗಬೇಕಾದ ಅತಿಥಿ ಶಿಕ್ಷಕಿಯರು ತಿಂಗಳ ಗೌರವಧನದಲ್ಲಿ ಎಷ್ಟನ್ನು ತಲೆಗೆ ಸುರಿಯುತ್ತಾರೋ! ಅವರ ಪರ್ಸಿನಲ್ಲಿ ಲಿಪ್‌ಸ್ಟಿಕ್ ಇಲ್ಲ, ಹತ್ತಿಪ್ಪತ್ತು ರೂಪಾಯಿಯ ಬಣ್ಣದ ಪೊಟ್ಟಣ ಇರುತ್ತದೆ.

ನಾವು ಸೆರಗು ಎಳೆದುಕೊಂಡದ್ದಕ್ಕೂ ಅರ್ಥ ಹಚ್ಚಲಾಯಿತು. "ಏನು, ಈಗ ಒಮ್ಮಿಂದೊಮ್ಮೆ ಧರ್ಮ ನೆನಪಾಯಿತೇ?" ಇದನ್ನು ಕೇಳಿದವರು ಒಳ್ಳೆಯವರೇ, ನಮ್ಮ ಕತೆಗಳನ್ನು ಓದಿದವರೇ. ಉರ್ದು ಶಾಲೆಯಲ್ಲಿ ನಾವು ಕಲಿತ ಖಿಜಾಬ್ ಮತ್ತು ಹಿಜಾಬ್ ಬೇರೆ ಬೇರೆ ಬೇರುಗಳ ಮಾತು. ಒಂದರಲ್ಲಿ ಝ್ವಾದ್, ಇನ್ನೊಂದರಲ್ಲಿ ಜೀಮ್. ಖಿಜಾಬ್ ಎಂದರೆ ಕೂದಲಿಗೆ ಹಚ್ಚುವ ಬಣ್ಣ, ಹಿಜಾಬ್ ಎಂದರೆ ಮರೆ. ಕನ್ನಡಕ್ಕೆ ಬರುವಾಗ ಎರಡೂ ಒಂದೇ ಜಕಾರಕ್ಕೆ ಬಂದು ನಿಂತವು, ಮೊದಲ ಅಕ್ಷರ ಬಿಟ್ಟರೆ ಬೇರೆ ಗುರುತಿಲ್ಲ. ಈ ರಾಜ್ಯಕ್ಕೂ ಬಹುಶಃ ಗುರುತು ಸಿಗುತ್ತಿಲ್ಲ. 2022ರ ಫೆಬ್ರವರಿ 5ರ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು: ಒಂದಿಡೀ ವರ್ಷ ಟೀವಿಯಲ್ಲಿ, ಕಟ್ಟೆಯ ಮೇಲೆ, ಸ್ಟಾಫ್ ರೂಮಿನಲ್ಲಿ ಹುಡುಗಿಯರ ತಲೆಯ ಮೇಲಿನ ಒಂದು ಗಜ ಬಟ್ಟೆಯ ಚರ್ಚೆ. ತೆಗೆಯಿರಿ ಎಂದವರಿದ್ದರು, ತೆಗೆದರೆ ನೋಡಿ ಎಂದವರೂ ಇದ್ದರು. ಬಟ್ಟೆಯ ಕೆಳಗಿನ ತಲೆಯಲ್ಲಿ ಏನಿದೆ, ಆ ಹುಡುಗಿ ಯಾವ ಲೆಕ್ಕ ಬಿಡಿಸಲಾರದೆ ಒದ್ದಾಡುತ್ತಿದ್ದಾಳೆ ಎಂದು ಕೇಳಿದವರು ಬೆರಳೆಣಿಕೆ. ನಮ್ಮ ಮೂರು ಬಣ್ಣದ ಕೂದಲಿಗೂ ಅದೇ ಪಾಡು. ಹೊರಗಿಟ್ಟರೆ ಒಂದು ಮಾತು, ಮುಚ್ಚಿದರೆ ಇನ್ನೊಂದು ಮಾತು.

ನಮ್ಮವರ ಉಪದೇಶ ಬೇರೆ. ಮಕ್ಕಾ ವಿಜಯದ ದಿನ ಹಜರತ್ ಅಬೂಬಕರ್ ಅವರ ತಂದೆ ಅಬೂ ಕುಹಾಫಾ ಬಿಳಿ ಹೂವಿನಂಥ ತಲೆಯೊಂದಿಗೆ ಬಂದಾಗ, ಬಣ್ಣ ಬದಲಿಸಿ, ಕಪ್ಪು ಮಾತ್ರ ಬೇಡ ಎಂದು ಪ್ರವಾದಿಯವರು(ಸ) ಹೇಳಿದ ಪ್ರಸಂಗ ಹದೀಸಿನಲ್ಲಿದೆ. ವಿದ್ವಾಂಸರು ಶತಮಾನಗಳಿಂದ ಅದರ ಮೇಲೆ ವಾದಿಸಿದ್ದಾರೆ, ವಾದಿಸಲಿ. ಆ ಪ್ರಸಂಗವನ್ನು ನಮಗೆ ನೆನಪಿಸಿದ ಸಂಬಂಧಿಕರ ಗಡ್ಡ ಅಮಾವಾಸ್ಯೆಯಷ್ಟು ಕಪ್ಪಾಗಿದೆ ಎಂಬುದನ್ನು ಮಾತ್ರ ಇಲ್ಲಿ ದಾಖಲಿಸುತ್ತೇವೆ. ಇನ್ನೊಂದು ಕಡೆ ಬೆಂಗಳೂರಿನ ಗೆಳತಿಯರು: "ಬಿಳಿ ಕೂದಲನ್ನು ಹೆಮ್ಮೆಯಿಂದ ಹೊರಬೇಕು, ಬಣ್ಣ ಹಚ್ಚುವುದೇ ಗುಲಾಮಗಿರಿ." ಅವರಿಗೆ ಪೋಷಕರ ಸಭೆ ಇಲ್ಲ. ಪಾಪ ಎನ್ನುವವರು, ಗುಲಾಮಗಿರಿ ಎನ್ನುವವರು ಇಬ್ಬರೂ ಒಂದೇ ಕೆಲಸ ಮಾಡುತ್ತಿದ್ದಾರೆ: ನಮ್ಮ ತಲೆಯ ಬಗ್ಗೆ ನಮಗೆ ತೀರ್ಪು ಕೊಡುವುದು. ಹಚ್ಚುವುದೋ ಬಿಡುವುದೋ ನಾವು ನೋಡಿಕೊಳ್ಳುತ್ತೇವೆ. ನಮಗೆ ಬೇಕಾಗಿರುವುದು ತೀರ್ಪಲ್ಲ, ಒಂದು ಚೀಟಿ.

ಚೀಟಿಯ ವಿಷಯ ಬುಧವಾರ ಬಂತು. ಮಂಗಳವಾರ ರಾತ್ರಿಯಿಂದ ಕಿವಿಯ ಹಿಂದೆ ನವೆ. ಬುಧವಾರ ಬೆಳಿಗ್ಗೆ ಎದ್ದಾಗ ಕಿವಿಯ ಅಂಚು ಬೆಲ್ಲದ ಅಚ್ಚಿನಂತೆ ಬಾತಿತ್ತು, ಕಣ್ಣಿನ ರೆಪ್ಪೆ ಭಾರ, ಕೂದಲಿನ ಅಂಚಿನಲ್ಲಿ ನೀರು ಜಿನುಗುತ್ತಿತ್ತು. ರಜೆ ಕೇಳುವಂತಿರಲಿಲ್ಲ. ಪರೀಕ್ಷೆಯ ವಾರದಲ್ಲಿ ರಜೆ ಕೇಳಿದರೆ ಕಾರಣ ಬರೆಯಬೇಕು. "ಕೂದಲಿನ ಬಣ್ಣ" ಎಂದು ಬರೆದು ಸಹಿ ಮಾಡುವ ಧೈರ್ಯ ಕತೆಗಾರರಾದ ನಮಗೂ ಇಲ್ಲ. ಕೋಣೆಯಲ್ಲಿ ಮೂರು ತಾಸು ಮೇಲ್ವಿಚಾರಣೆ ಮಾಡಿ, ಪ್ರಶ್ನೆಪತ್ರಿಕೆಯ ಅಕ್ಷರ ಮಂಜಾಗಿ ಕಾಣುವ ಕಣ್ಣಿನಲ್ಲಿ ವಿಶೇಷ ತರಗತಿಯನ್ನೂ ಮುಗಿಸಿ, ಸಂಜೆ ಚರ್ಮದ ಡಾಕ್ಟರ ಹತ್ತಿರ ಹೋದೆವು. ಅವರು ತಲೆ ನೋಡಿದ ಕೂಡಲೇ ಕೇಳಿದರು: "ಮೊದಲ ಕಪ್ಪು ಮೆಹಂದಿ ಎಂದಾರ ಹಚ್ಚಿದ್ರೇನು?" ಹಚ್ಚಿದ್ದೆವು. ನಾಲ್ಕೈದು ವರ್ಷದ ಹಿಂದೆ, ಒಂದು ಮದುವೆಯಲ್ಲಿ, ಕೈಗೆ.

ಅಲ್ಲಿ ನಮಗೆ ಪ್ಯಾರಾ ಫಿನಿಲೀನ್ ಡೈ ಅಮೀನ್ ಎಂಬ ಉದ್ದ ಹೆಸರಿನ ಪರಿಚಯವಾಯಿತು. ಡಾಕ್ಟರು ಪಿಪಿಡಿ ಎನ್ನುತ್ತಾರೆ. ಕಪ್ಪು, ಕಂದು, ಕರಿಗೆಂಪು, ಹೆಚ್ಚಿನ ಗಾಢ ಬಣ್ಣಗಳ ಬೆನ್ನೆಲುಬು ಅದೇ. ಹೊಸದೇನಲ್ಲ: ಅದು ಬಣ್ಣ ಕೊಡುತ್ತದೆ ಎಂದು ಹೋಫ್‌ಮನ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಗುರುತಿಸಿದ್ದು 1863ರಲ್ಲಿ. 1909ರಲ್ಲಿ ಯೂಜೀನ್ ಶುಲೆರ್ ಫ್ರಾನ್ಸಿನಲ್ಲಿ ಕೂದಲ ಬಣ್ಣದ ಕಂಪನಿ ಕಟ್ಟಿದಾಗ ಅದರ ಮೊದಲ ಹೆಸರಿನಲ್ಲಿಯೇ "ನಿರಪಾಯ" ಎಂಬ ಅರ್ಥದ ಮಾತು ಸೇರಿಸಿದ್ದರು. ಕೊಳ್ಳುವವರಿಗೆ ಅಂಜಿಕೆ ಆಗಲೇ ಇತ್ತು ಎಂಬುದಕ್ಕೆ ಆ ಹೆಸರೇ ಸಾಕ್ಷಿ. ಈ ಪಿಪಿಡಿಯ ಗುಣ ವಿಚಿತ್ರ. ಮೊದಲ ಸಲ ಏನೂ ಆಗದಿರಬಹುದು. ಆದರೆ ಕೆಲವರ ಮೈ ಅದನ್ನು ಶತ್ರುವೆಂದು ನೆನಪಿಟ್ಟುಕೊಳ್ಳುತ್ತದೆ. ವರ್ಷಗಳ ನಂತರ ಮತ್ತೆ ಮುಟ್ಟಿದಾಗ ಒಂದೆರಡು ದಿನ ತಡೆದು ಸಿಡಿಯುತ್ತದೆ. ಆ ನೆನಪು ಸಾಮಾನ್ಯವಾಗಿ ಜೀವನಪೂರ್ತಿ ಹೋಗುವುದಿಲ್ಲ. 2006ರಲ್ಲಿ ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ ಇದನ್ನೇ "ವರ್ಷದ ಅಲರ್ಜಿಕಾರಕ" ಎಂದು ಆರಿಸಿತ್ತು. ನಿಜವಾದ ಮೆಹಂದಿ ಎಂದೂ ಕಪ್ಪಾಗುವುದಿಲ್ಲ. ಅದರ ಬಣ್ಣ ಕಿತ್ತಳೆಯಿಂದ ಕಂದುಗೆಂಪಿನವರೆಗೆ, ಅಷ್ಟೇ. ಒಂದು ತಾಸಿನಲ್ಲಿ ಕಡುಗಪ್ಪಾಗುವ ಕೋನಿನಲ್ಲಿ ಬೇರೇನೋ ಬೆರೆತಿದೆ, ಬಹಳ ಸಲ ಅದು ಪಿಪಿಡಿಯೇ. ಈದ್‌ಗೆ, ಮದುವೆಗೆ ಆ ಕೋನು ಹಿಡಿದು ಐದಾರು ವರ್ಷದ ಕೂಸುಗಳ ಅಂಗೈಯಲ್ಲಿ ಬಳ್ಳಿ ಬಿಡಿಸುವ ತಾಯಂದಿರು, ಖಾಲಾಗಳು, ಫುಫುಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ಈ ವಾಕ್ಯವನ್ನು ಇನ್ನೊಮ್ಮೆ ಓದಿ. ಪೊಟ್ಟಣ ಮನೆಯಲ್ಲಿದ್ದರೆ ಮಕ್ಕಳ ಕೈಗೆ ಎಟುಕದಂತೆ ಕೀಲಿ ಹಾಕಿಡಿ. ಅದು ಹೊಟ್ಟೆಗೆ ಹೋದರೆ ಗಂಟಲು ಬಾತು ಉಸಿರು ಕಟ್ಟುತ್ತದೆ, ಮೂತ್ರಪಿಂಡ ಕೆಡುತ್ತದೆ, ತಡಮಾಡದೆ ದೊಡ್ಡಾಸ್ಪತ್ರೆಗೆ ಒಯ್ಯಬೇಕಾಗುತ್ತದೆ.

ಈಗ ಚೀಟಿ. ಇದಕ್ಕೆಲ್ಲ ಕಾನೂನೇ ಇಲ್ಲವೇನೋ ಎಂದುಕೊಂಡಿದ್ದೆವು. ಇದೆ! 1945ರ ಔಷಧ ಮತ್ತು ಪ್ರಸಾಧನ ನಿಯಮಗಳಲ್ಲಿ ಸೇರಿಸಿದ್ದು, 2020ರ ಪ್ರಸಾಧನ ನಿಯಮಗಳಲ್ಲೂ ಮುಂದುವರಿದದ್ದು. ಪಿಪಿಡಿ ಇರುವ ಕೂದಲ ಬಣ್ಣದ ಒಳ ಲೇಬಲ್ಲಿನಲ್ಲೂ ಹೊರ ಲೇಬಲ್ಲಿನಲ್ಲೂ ಎಚ್ಚರಿಕೆ ಇರಬೇಕು: ಕೆಲವರ ಚರ್ಮಕ್ಕೆ ಇದು ಉರಿ ತರಬಹುದು, ಮೊದಲು ಪರೀಕ್ಷೆ ಮಾಡಿ ನೋಡಿ, ಹುಬ್ಬಿಗೂ ರೆಪ್ಪೆಗೂ ಹಚ್ಚಬೇಡಿ, ಕಣ್ಣು ಹೋಗಬಹುದು. ಒಳಗೆ ಒಂದು ಚೀಟಿಯೂ ಇರಬೇಕು. ಕಿವಿಯ ಹಿಂದೆ ಅಥವಾ ಮೊಳಕೈಯ ಒಳಮಗ್ಗುಲಲ್ಲಿ ಸ್ವಲ್ಪ ಜಾಗ ತೊಳೆದು, ಕಲಸಿದ ಬಣ್ಣವನ್ನು ಚೂರು ಹಚ್ಚಿ, ಒಣಗಲು ಬಿಟ್ಟು, 24 ತಾಸಿನ ನಂತರ ತೊಳೆದು ನೋಡಬೇಕು. ಕೆಂಪಾಗದಿದ್ದರೆ, ನವೆಯಾಗದಿದ್ದರೆ ಮಾತ್ರ ಮುಂದುವರಿಯಬೇಕು. ಪ್ರತಿಸಲ ಹಚ್ಚುವ ಮೊದಲೂ ಹೀಗೆ ಮಾಡಬೇಕು. ಇದಿಷ್ಟೂ ಇಂಗ್ಲಿಷಿನಲ್ಲಿ ಮತ್ತು ಸ್ಥಳೀಯ ಭಾಷೆಗಳಲ್ಲಿ ಇರಬೇಕು ಎಂದು ನಿಯಮ ಹೇಳುತ್ತದೆ. ಸ್ಥಳೀಯ ಭಾಷೆ! ಬಮ್ಮಿಗಟ್ಟಿಯಲ್ಲಿ ಸ್ಥಳೀಯ ಭಾಷೆ ಯಾವುದು ಎಂದು ದೆಹಲಿಯವರಿಗೆ ಯಾರಾದರೂ ಹೇಳಿದ್ದಾರೆಯೇ?

ಗುರುವಾರ ಊರಿನ ಅಂಗಡಿಗಳಿಂದ ಮೂರು ಬಗೆಯ ಪೊಟ್ಟಣ ತರಿಸಿದೆವು. ಒಂದರ ಎಚ್ಚರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಇನ್ನೊಂದರಲ್ಲಿ ಹಲವು ಭಾಷೆಗಳ ನಡುವೆ ಕನ್ನಡವೂ ಇತ್ತು, ಸಾಸಿವೆಯೂ ನಾಚಬೇಕು, ಅಷ್ಟು ಸಣ್ಣ ಅಕ್ಷರ. ಅದರಲ್ಲಿ ಒತ್ತಕ್ಷರಗಳು ಕಲಸಿಹೋಗಿ, ಕನ್ನಡ ಕಲಿಸುವ ನಾವೇ ಊಹಿಸಿ ಓದಬೇಕಾಯಿತು. ಮೂರನೆಯದರ ಮೇಲೆ ಎಲೆಯ ಚಿತ್ರ, "ಹರ್ಬಲ್" ಎಂಬ ದೊಡ್ಡ ಅಕ್ಷರ, ಹಿಂಬದಿಯಲ್ಲಿ ಮಡಿಕೆಯೊಳಗೆ ಪಿಪಿಡಿ. ದಪ್ಪ ಅಕ್ಷರದ ಕನ್ನಡ ಎಲ್ಲದರಲ್ಲೂ ಇತ್ತು, ಬಣ್ಣವನ್ನು ಹೊಗಳುವ ಕಡೆ. ಮಾರುವಾಗ ಕನ್ನಡ ಬರುತ್ತದೆ, ಎಚ್ಚರಿಸುವಾಗ ನಾಲಿಗೆ ಹೊರಳುವುದಿಲ್ಲ. ಬೋರ್ಡಿನಲ್ಲಿ ಕನ್ನಡ ಎಷ್ಟು ಅಂಗುಲ ಎಂದು ಅಳೆಯುವ ಕನ್ನಡಾಭಿಮಾನಿಗಳು ಒಂದು ದಿನ ಈ ಪೊಟ್ಟಣದ ಹಿಂಬದಿಯನ್ನೂ ತಿರುಗಿಸಿ ನೋಡಬೇಕು. ಉರ್ದುವಿನ ಮಾತು ಎತ್ತುವುದೇ ಬೇಡ, ಎತ್ತಿದರೆ ಇನ್ನೊಂದು ಗಲಾಟೆ.

ಪಾರ್ಲರಿನಲ್ಲಿ ಇಷ್ಟೂ ಇಲ್ಲ. ಅಲ್ಲಿ ಡಬ್ಬಿ ಒಳಕೋಣೆಯಲ್ಲಿ, ನಾವು ಹೊರಕುರ್ಚಿಯಲ್ಲಿ. ಬಟ್ಟಲಲ್ಲಿ ಕಲಸಿದ್ದು ಬರುತ್ತದೆ, ಚೀಟಿ ಕಸದ ಬುಟ್ಟಿಗೆ ಹೋಗುತ್ತದೆ. 24 ತಾಸು ಕಾಯಿಸಿದರೆ ಗಿರಾಕಿ ಮರಳಿ ಬರುತ್ತಾರೆಯೇ ಎಂಬುದು ಅವರ ಪ್ರಶ್ನೆ. ಕಣ್ಣು ಬಾತರೆ ಹಲಗೆಯ ಮೇಲಿನ ಅಕ್ಷರ ಕಾಣುತ್ತದೆಯೇ ಎಂಬುದು ನಮ್ಮದು.

ಆ ಹುಡುಗಿಯ ಮೇಲೆ ನಮಗೆ ಸಿಟ್ಟಿಲ್ಲ. ತೊಳೆಯುವಾಗ ಅವಳ ಕೈ ಕಂಡೆವು. ಉಗುರಿನ ಸುತ್ತ ಕಪ್ಪು ಕಟ್ಟಿ, ಬೆರಳ ಸಂದಿ ಬಿರುಕು ಬಿಟ್ಟು, ಒಂದು ಕಡೆ ಬ್ಯಾಂಡೇಜು ಸುತ್ತಿತ್ತು. ಕೈಗವಸು ಯಾಕಿಲ್ಲವ್ವ ಎಂದರೆ, "ಒಂದ ಜೋಡಿ ಕೊಡ್ತಾರ್ರಿ, ಹರದ ಮ್ಯಾಲೆ ಇಲ್ರಿ" ಎಂದಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2010ರಲ್ಲಿ ಪ್ರಕಟಿಸಿದ ವರದಿ, ಮನೆಯಲ್ಲಿ ತಲೆಗೆ ಬಣ್ಣ ಹಚ್ಚಿಕೊಳ್ಳುವವರ ಬಗ್ಗೆ ಕ್ಯಾನ್ಸರಿನ ತೀರ್ಮಾನಕ್ಕೆ ಬರುವಷ್ಟು ಆಧಾರ ಇಲ್ಲ ಎಂದಿತು. ಅದನ್ನು ಹೇಳದೆ ಬರಿದೆ ಹೆದರಿಸುವುದು ಅಪ್ರಾಮಾಣಿಕ. ಆದರೆ ಕ್ಷೌರಿಕರು, ಕೇಶವಿನ್ಯಾಸದವರು ತಮ್ಮ ಕಸುಬಿನಲ್ಲಿ ದಿನವಿಡೀ ಮುಟ್ಟುವುದು, ಉಸಿರಾಡುವುದು ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರುವಂಥದ್ದು ಎಂದು ಅದೇ ವರದಿ ವಿಂಗಡಿಸಿತು. ನಮ್ಮ ಕಿವಿ ಒಂದು ವಾರ ಬಾತಿತು. ಅವಳು ಆ ಬಟ್ಟಲಿನಲ್ಲಿ ದಿನಾ ಕೈ ಅದ್ದುತ್ತಾಳೆ.

ಸಿಟ್ಟು ಇರುವುದು ಅಂಗಡಿಯ ಮಾಲೀಕರ ಮೇಲೆ. ಫೋನು ಮಾಡಿದೆವು. "ನಿಮ್ಮ ಕೂದ್ಲಾನ ಸರಿ ಇಲ್ರಿ ಮೇಡಂ" ಎಂಬ ಉತ್ತರ ಬಂತು. ಬಿಲ್ಲು ಕೊಟ್ಟಿರಲಿಲ್ಲ, ನಾವು ಕೇಳಿರಲಿಲ್ಲ. ಅದು ನಮ್ಮ ಮೂರ್ಖತನ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಪಾರ್ಲರಿನ ಸೇವೆಯೂ ಸೇವೆಯೇ. ಧಾರವಾಡದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. 2018ರಲ್ಲಿ ದೆಹಲಿಯ ಪಂಚತಾರಾ ಹೋಟೆಲೊಂದರ ಸಲೂನಿನಲ್ಲಿ ಒಬ್ಬ ಮಹಿಳೆಯ ಕೂದಲನ್ನು ಹೇಳಿದ್ದಕ್ಕಿಂತ ಬಹಳ ಗಿಡ್ಡ ಕತ್ತರಿಸಿದ್ದಕ್ಕೆ ರಾಷ್ಟ್ರೀಯ ಗ್ರಾಹಕ ಆಯೋಗ 2021ರ ಸೆಪ್ಟೆಂಬರಿನಲ್ಲಿ ಎರಡು ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶಿಸಿತ್ತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅಷ್ಟು ದೊಡ್ಡ ಮೊತ್ತಕ್ಕೆ ಆಧಾರ ಸಾಲದೆಂದು ಅದನ್ನು ಬದಿಗಿಟ್ಟು ಮರುಪರಿಶೀಲನೆಗೆ ಕಳಿಸಿತು. ಆಮೇಲೂ ವ್ಯಾಜ್ಯ ಮುಂದುವರಿಯಿತು. ಎರಡು ಕೋಟಿ ನಮಗೆ ಬೇಡ. ಮಾಡೆಲಿಂಗ್ ಮಾಡುವವರ ತಲೆ ಅವರ ದುಡಿಮೆ ಎಂದು ಆಯೋಗ ಅಂದು ಒಪ್ಪಿತು. ಮಾಸ್ತರಿಕೆಯಲ್ಲಿ ತಲೆ ದುಡಿಮೆಯಲ್ಲವೇ?

ಇಷ್ಟು ಬರೆದು ಒಂದು ಕ್ಷಣ ಪೆನ್ನು ಕೆಳಗಿಡಬೇಕಾಯಿತು. ಕುರ್ಚಿಯಲ್ಲಿ ಕೂಡಿಸಿ ತಪ್ಪು ಬಣ್ಣ ಹಚ್ಚಿದರು ಎಂದು ನಾವು ದೂರುತ್ತಿದ್ದೇವೆ. ಕುರ್ಚಿಯ ಹತ್ತಿರವೇ ಬಿಟ್ಟುಕೊಳ್ಳದ ಅಂಗಡಿಗಳು ಈ ನಾಡಿನಲ್ಲಿ ಇವೆ. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರದಂಗಡಿಯಲ್ಲಿ ಎದ್ದ ಜಗಳದಲ್ಲಿ ದಲಿತ ಯುವಕನೊಬ್ಬ ಕೊಲೆಯಾದ. ಹಡಪದ ಅಪ್ಪಣ್ಣ ಬಸವಣ್ಣನವರ ಜೊತೆಗಿದ್ದು ಎಂಟುನೂರು ವರ್ಷ ದಾಟಿದೆ. ಅದರ ಮುಂದೆ ನಮ್ಮ ಬರ್ಗಂಡಿಯ ದೂರು ಸಣ್ಣದು. ಸಣ್ಣದೆಂದು ಗೊತ್ತಿದ್ದೇ ಹೇಳುತ್ತೇವೆ.

ಇನ್ನೊಂದು ಮಾತು, ಇದು ನಮ್ಮ ಮೇಲೆಯೇ. 2023ರ ಜುಲೈನಲ್ಲಿ ಬಾಗಲಕೋಟೆ ಜಿಲ್ಲೆಯ ಕುಲಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಊರಿನ ಕ್ಷೌರದಂಗಡಿಯವರಿಗೆ ಪತ್ರ ಬರೆದು, ನಮ್ಮ ಹುಡುಗರಿಗೆ "ಹೆಬ್ಬುಲಿ" ಕಟ್ಟಿಂಗ್ ಮಾಡಬೇಡಿ ಎಂದು ಕೇಳಿಕೊಂಡ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂದಿತ್ತು. 2017ರ ಸುದೀಪ್ ಸಿನಿಮಾದ ಆ ಕಟ್ಟಿಂಗು, ಕಿವಿಯ ಮೇಲೆ ಬೋಳು, ನೆತ್ತಿಯಲ್ಲಿ ಪೊದೆ. ಸುದ್ದಿ ಓದಿ ಸ್ಟಾಫ್ ರೂಮಿನಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ನಾವೂ ಇದ್ದೆವು. ಕಳೆದ ತಿಂಗಳು ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅಂಥದೇ ತಲೆಯಲ್ಲಿ ಬಂದಾಗ ಪೂರ್ತಿ ಒಂದು ಪೀರಿಯಡ್ಡು ಹೊರಗೆ ನಿಲ್ಲಿಸಿದೆವು. "ತಲಿ ಕೆಡಸ್ಕೊಂಡು ಬಂದಿ" ಎಂದು ಎಲ್ಲರ ಮುಂದೆ ಅಂದೆವು. ಅವನು ಅಂದು ತಲೆ ತಗ್ಗಿಸಿದ್ದು ನಮಗೆ ಈ ವಾರದವರೆಗೆ ಕಂಡಿರಲಿಲ್ಲ.

ಸೋಮವಾರ ಆ ತರಗತಿಗೆ ಕಾಲಿಡುವಾಗ ಅವನು ನಗುತ್ತಾನೆ ಎಂದೇ ಹೆದರಿದ್ದೆವು. ಫ್ಯಾನಿನ ಗಾಳಿಗೆ ಸೆರಗು ಜಾರಿತು. ಯಾರೂ ನಗಲಿಲ್ಲ. ಅವನು ಒಮ್ಮೆ ನೋಡಿ, ಬೇಗ ಪುಸ್ತಕಕ್ಕೆ ಕಣ್ಣು ಇಳಿಸಿದ. ತನ್ನನ್ನು ಯಾರೂ ನೋಡಬಾರದು ಎಂದು ಅವನಿಗೆ ಅಂದು ಅನ್ನಿಸಿದ್ದನ್ನೇ ನಮಗೆ ಕೊಡುತ್ತಿರುವಂತೆ. ಮುಂದಿನ ಬೆಂಚಿನ ಹುಡುಗಿ ಮಾತ್ರ ಪೀರಿಯಡ್ಡು ಮುಗಿದ ಮೇಲೆ ಮೇಜಿನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು: "ಉರೀತೈತೇನ್ರಿ ಅಕ್ಕಾರ? ನಮ್ಮವ್ವಗೂ ಹಿಂಗ ಆಗಿತ್ರಿ. ಮಾರಿ ಎಲ್ಲಾ ಬಾತು, ಮೂರು ದಿನ ಕೂಲಿಗೆ ಹೋಗ್ಲಿಲ್ರಿ." ಆಗಿನ್ನೂ ಉರಿ ಶುರುವಾಗಿರಲಿಲ್ಲ. ಆ ಅವ್ವನ ಮೂರು ದಿನದ ಕೂಲಿಯನ್ನು ಯಾವ ಆಯೋಗ ಲೆಕ್ಕ ಹಾಕುತ್ತದೆ?

ಶುಕ್ರವಾರದ ಪೋಷಕರ ಸಭೆ ಹೇಗೋ ಕಳೆಯಿತು. ಅರ್ಧ ಜನ ತಲೆ ನೋಡಿದರು, ಅರ್ಧ ಜನ ಅಂಕಪಟ್ಟಿ ನೋಡಿದರು.

ಶನಿವಾರ ಬೆಳಗಿನ ಶಾಲೆ. ಒಂಬತ್ತನೆಯ ತರಗತಿಗೆ ವ್ಯಾಕರಣ ಇತ್ತು, ಬಿಟ್ಟೆವು. ಚೀಟಿಯಲ್ಲಿದ್ದ ಎಚ್ಚರಿಕೆಯನ್ನು, ಕಿವಿಯ ಹಿಂದಿನ ಪರೀಕ್ಷೆಯನ್ನು ನಮ್ಮ ಕನ್ನಡದಲ್ಲಿ ಹಲಗೆಯ ಮೇಲೆ ಬರೆದೆವು. ಹನ್ನೊಂದು ಸಾಲು ಆಯಿತು. ವಿಧ್ಯರ್ಥ ಕ್ರಿಯಾಪದಗಳನ್ನು ಗುರುತಿಸಿ ಎಂದು ನೆಪಕ್ಕೊಂದು ಪ್ರಶ್ನೆ ಕೊಟ್ಟೆವು. ಮಕ್ಕಳು ಬರೆದುಕೊಂಡರು, ಮುಂದಿನ ಬೆಂಚಿನ ಹುಡುಗಿ ಎರಡು ಪ್ರತಿ ಬರೆದಳು. ಗಂಟೆ ಹೊಡೆದ ಮೇಲೆ ಹೆಬ್ಬುಲಿ ತಲೆಯ ಹುಡುಗ ಬಾಗಿಲ ಹತ್ತಿರ ನಿಂತೇ ಇದ್ದ. ಏನಪ್ಪಾ ಎಂದರೆ, "ನಮ್ಮ ಕಾಕಾಂದು ಕಟಿಂಗ್ ಅಂಗಡಿ ಐತ್ರಿ. ಅಲ್ಲೂ ಕಪ್ ಮಾಡ್ತಾರ್ರಿ. ಇದನ್ನ ದೊಡ್ಡ ಅಕ್ಷರದಾಗ ಬರದು ಕೊಡ್ರಿ, ಹಚ್ತೇನಿ" ಎಂದ. ಮೇಜಿನ ಖಾನೆಯಲ್ಲಿ ಹಳೆಯ ಕ್ಯಾಲೆಂಡರ್ ಇತ್ತು. ಅದರ ಹಿಂಬದಿಯಲ್ಲಿ ದಪ್ಪ ಸ್ಕೆಚ್ ಪೆನ್ನಿನಿಂದ ಬರೆಯುತ್ತ ಕೂತೆವು. ನಾಲ್ಕನೆಯ ಸಾಲಿಗೆ ಬಂದಾಗ ಅವನು ಬಗ್ಗಿ ನೋಡಿ, "ಇನ್ನಾ ಸ್ವಲ್ಪ ದೊಡ್ಡದು ಬರೀರಿ ಅಕ್ಕಾರ, ಕಾಕಾಗ ಕಣ್ಣು ಸರಿ ಕಾಣಂಗಿಲ್ಲ" ಎಂದ. ಹಾಳೆ ತಿರುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆವು.